ದಿನಕ್ಕೊಂದು ಮೀನು

ಫೆಬ್ರವರಿ ೧೧

ಗುಬ್ಬಿಗೆ,

ನಿನ್ನ ಅತ್ತಿಗೆ ಬರೆಯುತ್ತಿದ್ದೇನೆ. ಮಾತಾಡಿ ಏಳು ತಿಂಗಳಾದ ಮೇಲೆ ಇವಳಿಗೆ ನನ್ನ ನೆನಪು ಬಂತೇ ಎಂದು ಮೂಗು ಮುರಿಯಬೇಡ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಇಲ್ಲಿ ನಾನು ಬಾಯಿ ಬಿಡುವ ಹಾಗಿಲ್ಲ. ನಿಮ್ಮಣ್ಣನ ಕಿವಿ ನಿನಗೆ ಗೊತ್ತಲ್ಲ, ಕೊಳದ ಆಚೆ ದಡದಲ್ಲಿದ್ದರೂ ಅಡುಗೆಮನೆಯಲ್ಲಿ ಚಮಚ ಬಿದ್ದದ್ದು ತಿಳಿಯುತ್ತದೆ. ಕಾಗದವಾದರೆ ಸದ್ದಿಲ್ಲ.

ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಮೀನುಮರಿಯ ಹ್ಯಾಚರಿ ನಡೆಯುತ್ತಿದೆ. ಐದು ಜನ ಕೆಲಸದವರಿದ್ದ ಕಡೆ ಈಗ ಇಬ್ಬರಿದ್ದಾರೆ. ಮೂರು ಜನದ ಕೆಲಸ ನನ್ನ ಸೊಂಟದ ಮೇಲೆ ಬಿದ್ದಿದೆ. ತೊಟ್ಟಿ ತೊಳೆಯುವುದು, ಬಲೆ ಒಣಗಿಸುವುದು, ಮೀನಿಗೆ ಹಾಕಿ ಆಮೇಲೆ ಮನುಷ್ಯರಿಗೆ ಹಾಕುವುದು, ಇಷ್ಟರಲ್ಲೇ ದಿನ ಮುಗಿಯುತ್ತದೆ.

ಬರೆಯಲು ಕಾರಣ ನಮ್ಮ ಅಜ್ಜಿ. ಮನುಷ್ಯರಲ್ಲ, ಮೀನು. ಮಾವನವರು ತಮ್ಮ ಕೈಯಾರೆ ಆರಿಸಿಟ್ಟ ಕೋಯಿ ಜಾತಿಯ ಬಣ್ಣದ ಮೀನುಗಳಲ್ಲಿ ಇದೊಂದೇ ಹೆಣ್ಣು ಉಳಿದಿರುವುದು. ಹದಿನಾರು ವರ್ಷವಾಯಿತು. ಬೆನ್ನ ಮೇಲಿನ ಮೂರು ಕೆಂಪು ಮಚ್ಚೆ ಹಾಗೇ ಇವೆ, ಹೊಟ್ಟೆಯ ಬಿಳಿ ಹಾಗೇ ಇದೆ. ಆದರೆ ಸುಸ್ತಾಗಿದ್ದಾಳೆ, ನನ್ನ ಹಾಗೆ. ಈ ಬೇಸಿಗೆಗೆ ಕೊನೆಯ ಸಲ ಮೊಟ್ಟೆಗೆ ಬಿಡುವುದೆಂದು ನಿಮ್ಮಣ್ಣ ಹೇಳಿದ್ದಾರೆ. ಆಮೇಲೆ ಮಾವನವರ ತಳಿ ಎಂದು ಹೇಳಿಕೊಳ್ಳಲು ಈ ವರ್ಷದ ಮರಿಗಳೇ ಗತಿ. ಹೋದ ಮೂರು ವರ್ಷದವು ಕೆಟ್ಟು ಕೂತಿವೆ.

ಛತ್ರಿಯವರು ಬಂದಿದ್ದರು. ಅದೇ, ಬಿಸಿಲಿರಲಿ ಬಿಡಲಿ ಕಂಕುಳಲ್ಲಿ ಛತ್ರಿ ಇಟ್ಟುಕೊಂಡೇ ಬರುವ ಮೀನಿನ ವ್ಯಾಪಾರಿ. ತೊಟ್ಟಿಗೆ ಬಗ್ಗಿ ನೋಡಿ, "ಏನ್ ಸಾರ್, ನಿಮ್ಮ ಮೀನಿನ ಬಿಳಿ ಯಾಕೋ ಹಳೇ ಹಲ್ಲಿನ ಥರ ಆಗಿದೆ" ಎಂದುಬಿಟ್ಟರು. ಕೊಳ್ಳಲೇ ಇಲ್ಲ. ನಿಮ್ಮಣ್ಣ ನೀರು ಬದಲಾಯಿಸಿದರು, ತಿಂಡಿ ಬದಲಾಯಿಸಿದರು, ಕೊಳದ ಮಣ್ಣು ತೆಗೆಸಿ ಬೇರೆ ಹಾಕಿಸಿದರು. ಕೊನೆಗೆ ನನ್ನ ಬಟ್ಟೆ ಸೋಪಿನ ಮೇಲೂ ಅನುಮಾನ ಬಂತು. ಏನು ಮಾಡಿದರೂ ಬಿಳಿ ಬಿಳಿಯಾಗಲಿಲ್ಲ.

ನಿನ್ನನ್ನು ಬಾ ಎನ್ನುತ್ತಿಲ್ಲ, ಗಾಬರಿಯಾಗಬೇಡ. ನೀರಿಗೆ ಏನಾಗಿದೆ ಎಂದು ಹೇಳು, ಸಾಕು.

ನಿನ್ನ ಅತ್ತಿಗೆ

ಮಾರ್ಚ್ ೨

ಅತ್ತಿಗೆ,

ಕಾಗದ ತಲುಪಿ ಹತ್ತು ದಿನವಾಯಿತು. ಉತ್ತರ ಬರೆಯಬಾರದೆಂದು ಎಂಟು ದಿನ ಕೂತೆ.

ನೀರಿಗೆ ಏನೂ ಆಗಿಲ್ಲ. ನೀರು ಕೆಟ್ಟಿದ್ದರೆ ಕೆಂಪೂ ಮಾಸಬೇಕಿತ್ತು. ಮರಿಗಳ ಕೆಂಪು ಹೇಗಿದೆ ಎಂದು ನೀವು ಬರೆದಿಲ್ಲ, ಅಂದರೆ ಚೆನ್ನಾಗಿದೆ. ಕೆಟ್ಟಿರುವುದು ಆಯ್ಕೆ. ನಾನು ಹೋದ ಮೇಲೆ ಗಿಡ್ಡ ಸ್ಟೂಲಿನ ಮೇಲೆ ಯಾರು ಕೂರುತ್ತಿದ್ದಾರೆ? ಯಾರೂ ಇಲ್ಲ ತಾನೇ?

ಅಪ್ಪ ಎರಡು ಸ್ಟೂಲು ಮಾಡಿಸಿದ್ದು ಸುಮ್ಮನೆ ಅಲ್ಲ. ಎತ್ತರದ ಸ್ಟೂಲಿನವರು ನಲವತ್ತು ದಿನದ ಮರಿಗಳನ್ನು ಬೋಗುಣಿಯಲ್ಲಿಟ್ಟುಕೊಂಡು ಆರಿಸಬೇಕು. ನೂರಕ್ಕೆ ತೊಂಬತ್ತೈದು ಬೇಡದ ಟಬ್ಬಿಗೆ ಹೋಗುತ್ತವೆ, ಅಲ್ಲಿಂದ ಕೆಳಗಿನ ಕೊಳದ ದೊಡ್ಡ ಮೀನುಗಳ ಬಾಯಿಗೆ. ಗಿಡ್ಡ ಸ್ಟೂಲಿನವರು ಬೇಡದ ಟಬ್ಬನ್ನು ಮತ್ತೆ ನೋಡಬೇಕು. ಅದರಲ್ಲಿ ದಿನಕ್ಕೊಂದು ಮೀನನ್ನು, ಒಂದನ್ನೇ, ವಾಪಸ್ ತೆಗೆದುಕೊಳ್ಳಬಹುದು. ಯಾಕೆ ಎಂದು ಎತ್ತರದ ಸ್ಟೂಲಿನವರು ಕೇಳುವಂತಿಲ್ಲ. ಅಪ್ಪ ತೆಗೆದಾಗ ಅಣ್ಣನೂ ಕೇಳಿದವನಲ್ಲ.

ನಾಲ್ಕು ವರ್ಷದ ಹಿಂದೆ, ಆಯ್ಕೆಯ ಮೂರನೆಯ ದಿನ, ನಾನು ಒಂದನ್ನು ತೆಗೆದೆ. ಒಂದು ಭುಜದ ಮೇಲೆ ಮಾತ್ರ ಕೆಂಪು, ಉಳಿದದ್ದೆಲ್ಲ ಬಿಳಿ. ಅಂಥ ಬಿಳಿ ನಾನು ಆಮೇಲೆ ನೋಡಿಲ್ಲ. ಅಣ್ಣ ಅದನ್ನು ನನ್ನ ಅಂಗೈಯಿಂದ ಎತ್ತಿ ಮತ್ತೆ ಬೇಡದ ಟಬ್ಬಿಗೆ ಎಸೆದ. ಕೆಲಸದವರ ಎದುರಿಗೇ "ನಿನ್ನ ಕಣ್ಣು ಅಪ್ಪನ ಕಣ್ಣಲ್ಲ, ತಿಳ್ಕೋ" ಎಂದ. ನೀವು ಅಲ್ಲೇ ನಿಂತಿದ್ದಿರಿ, ನಿಮ್ಮ ಕೈಯಲ್ಲಿ ಬಲೆ ಇತ್ತು. ನೀವೂ ಏನೂ ಅನ್ನಲಿಲ್ಲ. ನಾನು ಮನೆ ಬಿಟ್ಟದ್ದು ಅದಕ್ಕೇ. ಇದನ್ನು ಎಂದಾದರೂ ಬರೆಯಬೇಕಿತ್ತು, ಬರೆದಿದ್ದೇನೆ.

ಇಲ್ಲಿ ನನ್ನ ಕೆಲಸವೂ ಅದೇ ಜಾತಿಯದು. ಬಣ್ಣದ ಕಾರ್ಖಾನೆಯಲ್ಲಿ ಒಂದು ಬೂದು ಗೋಡೆಯ ಕೋಣೆ, ಒಂದು ದೀಪ. ತಯಾರಾದ ಬಣ್ಣ ಮಾದರಿಗೆ ಹೊಂದುತ್ತದೋ ಇಲ್ಲವೋ ನೋಡಿ ಬೇಡದ್ದನ್ನು ವಾಪಸ್ ಕಳಿಸುವುದು. ಬಿಳಿಯಲ್ಲೇ ನಲವತ್ತೆರಡು ಬಗೆ. ಮನೆಗೆ ಬಂದು ಹಾಲು ನೋಡಿದರೂ ಇದು ಎಷ್ಟನೇ ನಂಬರು ಎಂದು ಮನಸ್ಸು ಹುಡುಕುತ್ತದೆ. ಒಂದು ನೆಮ್ಮದಿ ಎಂದರೆ ಇಲ್ಲಿ ಎಸೆದದ್ದು ಬಾಯಿ ತೆರೆದು ಮುಚ್ಚುವುದಿಲ್ಲ.

ಲಕೋಟೆಯಲ್ಲಿ ಐದು ಬಗೆ ಬಿಳಿ ಬಣ್ಣದ ಮಾದರಿ ಕಾರ್ಡು ಇಟ್ಟಿದ್ದೇನೆ. ಪಂಪಿನ ಮನೆಗೆ ಬಣ್ಣ ಹೊಡೆಸಬೇಕು, ಯಾವ ಬಿಳಿ ಆಗಬಹುದು ಎಂದು ಅಣ್ಣನನ್ನು ಕೇಳಿ. ಹಗಲಿನಲ್ಲಿ, ನೆರಳಲ್ಲಿ ತೋರಿಸಿ. ಅವನು ಹೇಳಿದ್ದನ್ನು ಹಾಗೇ ಬರೆಯಿರಿ. ನನ್ನ ಹೆಸರು ಎತ್ತಬೇಡಿ.

ಗುಬ್ಬಿ

ಮಾರ್ಚ್ ೨೯

ಗುಬ್ಬಿಗೆ,

ನಾನು ಏನೂ ಅನ್ನಲಿಲ್ಲ, ನಿಜ. ಅನ್ನಬೇಕಿತ್ತು. ಈಗ ಮುಂದಿನದು ಕೇಳು.

ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ನೆರಳಲ್ಲಿ ಕಾರ್ಡು ಸಾಲಾಗಿ ಇಟ್ಟೆ. ನಿಮ್ಮಣ್ಣ ಒಂದೊಂದನ್ನೂ ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿ, "ಐದು ಅಂತೀಯ, ಇರೋದು ಎರಡೇ. ನಾಲ್ಕು ಒಂದೇ ಕಾರ್ಡು. ಅಂಗಡಿಯವನು ನಿನ್ನ ತಲೆ ಸವರಿದಾನೆ" ಎಂದರು. ಆಮೇಲೆ ಒಂದನ್ನು ಆರಿಸಿ, "ಇದು ನೋಡು, ಅಜ್ಜಿ ಹೊಟ್ಟೆಯ ಬಿಳಿ" ಎಂದು ನನ್ನ ಕೈಗಿತ್ತರು. ಹಿಂದೆ ತಿರುಗಿಸಿದರೆ ಮೂವತ್ತೊಂದನೇ ನಂಬರು. ಮೀನು ನೋಡಿದರೆ ನನಗೆ ತಲೆ ಯಾವುದು ಬಾಲ ಯಾವುದು ಅಷ್ಟೇ ಗೊತ್ತಾಗುವುದು. ಅಂಥ ನನಗೂ ಆ ಐದು ಕಾರ್ಡು ಐದಾಗಿಯೇ ಕಂಡವು, ಗುಬ್ಬಿ.

ಸುಳ್ಳು ಹೇಳಿದ ಮೇಲೆ ಬಣ್ಣ ಬಳಿಸಲೇಬೇಕಲ್ಲ. ಬಳಿಯುವವನು ಡಬ್ಬ ತೆರೆದು, "ಅಮ್ಮಾ, ಇದು ಬಿಳಿ ಅಲ್ಲ, ಕೆನೆ" ಎಂದ. ಬಾಯಿ ಮುಚ್ಚಿಕೊಂಡು ಬಳಿಯಪ್ಪಾ ಎಂದೆ. ಈಗ ಪಂಪಿನ ಮನೆ ಬೆಣ್ಣೆ ಮೆತ್ತಿದ ಹಾಗೆ ನಿಂತಿದೆ. ನಿಮ್ಮಣ್ಣ ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಅದರ ಮುಂದೆ ನಿಲ್ಲುತ್ತಾರೆ. "ಬಿಳಿ ಅಂದ್ರೆ ಹೀಗಿರ್ಬೇಕು ನೋಡ್ರಪ್ಪ. ಮೀನಿಗೆ ಈ ಬಣ್ಣ ಬರ್ಬೇಕು" ಎನ್ನುತ್ತಾರೆ. ಕೆಲಸದವರಿಬ್ಬರೂ ನೆಲ ನೋಡುತ್ತಾರೆ. ಅವರು ನಿಮ್ಮಣ್ಣನ ಎದುರು ಮಾತಾಡುವವರಲ್ಲ. ಮೊದಲ ದಿನ ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಎರಡನೇ ದಿನ ನಗು ಬರಲಿಲ್ಲ, ಹೆದರಿಕೆಯಾಯಿತು.

ಅವರಿಗೆ ಏನಾಗಿದೆ? ನಿನಗೆ ಗೊತ್ತು, ಗೊತ್ತಿದ್ದೇ ಕಾರ್ಡು ಕಳಿಸಿದ್ದೀಯ. ಸುತ್ತಿ ಬಳಸಿ ಬರೆಯಬೇಡ.

ಅತ್ತಿಗೆ

ಏಪ್ರಿಲ್ ೬

ಅತ್ತಿಗೆ,

ಕಣ್ಣಿನ ಪೊರೆ. ನಾನು ಡಾಕ್ಟರಲ್ಲ, ಆದರೆ ನಮ್ಮ ಕಾರ್ಖಾನೆಯಲ್ಲಿ ನಲವತ್ತೈದು ದಾಟಿದವರಿಗೆ ವರ್ಷಕ್ಕೊಮ್ಮೆ ಇದೇ ಕಾರ್ಡು ತೋರಿಸುತ್ತಾರೆ. ಪೊರೆ ಬಂದರೆ ಲೋಕವೆಲ್ಲ ಹಳದಿಗೆ ತಿರುಗುತ್ತದೆ. ಅದು ಎಷ್ಟು ನಿಧಾನವಾಗಿ ಬರುತ್ತದೆಂದರೆ ಬಂದದ್ದು ಬಂದವರಿಗೇ ತಿಳಿಯುವುದಿಲ್ಲ. ಅವನಿಗೆ ನೀರಿಗೆ ಬಿದ್ದ ಕಡ್ಡಿ ಕಾಣುತ್ತದೆ, ಕೆಂಪು ಕಾಣುತ್ತದೆ. ಬಿಳಿಗೂ ಕೆನೆಗೂ ಇರುವ ಅಂತರ ಮಾತ್ರ ಕಾಣುವುದಿಲ್ಲ. ನಮ್ಮ ಮನೆಯ ಮೀನಿಗೆ ಹೆಸರು ಬಂದಿದ್ದೇ ಆ ಅಂತರದಿಂದ.

ಅಂದರೆ ಇಷ್ಟು ವರ್ಷ ಅವನು ಹಳದಿ ಮರಿಗಳನ್ನು ಇಟ್ಟುಕೊಂಡಿದ್ದಾನೆ, ಬಿಳಿಯವನ್ನು ಕೆಳಗಿನ ಕೊಳಕ್ಕೆ ಹಾಕಿದ್ದಾನೆ. ಬೇಕೆಂದು ಮಾಡಿದ್ದಲ್ಲ. ಆ ಹಳದಿಗಳಲ್ಲೇ ಗಂಡುಗಳನ್ನು ಆರಿಸಿ ಮತ್ತೆ ಅಜ್ಜಿಯ ಜೊತೆ ಬಿಟ್ಟಿದ್ದಾನೆ. ಒಂದು ವರ್ಷದ ತಪ್ಪಿನ ಮೇಲೆ ಇನ್ನೊಂದು ವರ್ಷದ್ದು ಕೂತಿದೆ.

ಇದು ತಿಳಿದಾಗ ನನಗೆ ಸಂತೋಷವಾಗಬೇಕಿತ್ತು. ನಾಲ್ಕು ವರ್ಷ ಬಹುಶಃ ಇದಕ್ಕೇ ಕಾದಿದ್ದೆ. ಆಗಲಿಲ್ಲ. ನಿಮ್ಮ ಕಾಗದ ಓದಿದ ದಿನ ಅನ್ನ ಸೇರಲಿಲ್ಲ.

ಎರಡು ಕೆಲಸ ಮಾಡಿ. ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಜ್ಜಿಯನ್ನು ಮೊಟ್ಟೆಗೆ ಬಿಡುವಾಗ ಅವನು ಆರಿಸಿದ ಗಂಡುಗಳನ್ನು ಬಿಡಬೇಡಿ. ಅಪ್ಪನ ಕಾಲದ ಒಂದು ಗಂಡು ಇನ್ನೂ ಇರಬೇಕು, ಎಡಗಡೆಯ ರೆಕ್ಕೆ ಹರಿದದ್ದು. ಅದೊಂದನ್ನೇ ಬಿಡಿಸಿ.

ಗುಬ್ಬಿ

ಏಪ್ರಿಲ್ ೨೭

ಗುಬ್ಬಿಗೆ,

ನಿನ್ನ ಕಾಗದ ಹದಿನಾರಕ್ಕೆ ಬಂತು. ಅಜ್ಜಿ ಹದಿನಾಲ್ಕಕ್ಕೇ ಮೊಟ್ಟೆ ಇಟ್ಟಿದ್ದಳು. ಮೂರು ಗಂಡು ಬಿಟ್ಟಿದ್ದರು. ಹರಿದ ರೆಕ್ಕೆಯದು ಅದರಲ್ಲಿ ಒಂದು, ಸದ್ಯ. ಉಳಿದೆರಡು ನಿಮ್ಮಣ್ಣ ಆರಿಸಿದ್ದವು. ಮೊಟ್ಟೆ ಅಂಟಲೆಂದು ನೀರಿಗೆ ಇಳಿಬಿಟ್ಟ ಬ್ರಷ್ಷುಗಳೆಲ್ಲ ತುಂಬಿದ್ದವು. ಮರಿಗಳು ಹತ್ತೊಂಬತ್ತಕ್ಕೆ ಹೊರಬಂದವು, ಈಗ ಮಣ್ಣಿನ ಕೊಳದಲ್ಲಿವೆ, ಕಣ್ಣೆರಡು ಬಾಲವೊಂದು ಅಷ್ಟೇ. ಅಜ್ಜಿ ಮೂಲೆ ಹಿಡಿದಿದ್ದಾಳೆ. ತಿನ್ನುತ್ತಾಳೆ, ಆದರೆ ಮೇಲೆ ಬರುವುದಿಲ್ಲ.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನನಗೆ ಕಣ್ಣು ಉರಿ ಎಂದು ನಾಟಕ ಮಾಡಿದೆ. ಜೊತೆಗೆ ಬಂದರು. ಬಂದವರನ್ನೇ ಕುರ್ಚಿಯ ಮೇಲೆ ಕೂರಿಸಿದೆ. ಬೈದರು, ಕೂತರು. ಎರಡು ಕಣ್ಣಿಗೂ ಪೊರೆ. "ಎಷ್ಟು ವರ್ಷದಿಂದ ಇರ್ಬೋದು?" ಎಂದು ಒಂದೇ ಮಾತು ಕೇಳಿದರು. ನಾಲ್ಕೈದು ವರ್ಷವಾದರೂ ಆಗಿರಬೇಕು ಎಂದರು ಡಾಕ್ಟರು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ನಮ್ಮ ನಿಲ್ದಾಣ ಬಂದರೂ ಏಳಲಿಲ್ಲ. ತೋಳು ಹಿಡಿದು ಎಬ್ಬಿಸಿದೆ.

ನಾಲ್ಕನೇ ದಿನ ಪಂಪಿನ ಮನೆಯ ಗೋಡೆ ಮುಟ್ಟಿಕೊಂಡು ನಿಂತು, "ಇದು ಯಾವ ಬಣ್ಣ?" ಎಂದರು. ಹೇಳಿದೆ. "ಆ ಕಾರ್ಡು ಯಾರು ಕಳ್ಸಿದ್ದು?" ಎಂದರು. ಅದನ್ನೂ ಹೇಳಿದೆ. ನೀನು ಬೇಡ ಎಂದಿದ್ದೆ, ಬೈದುಕೋ. ನನ್ನ ಹತ್ತಿರ ಇನ್ನು ಸುಳ್ಳು ಉಳಿದಿಲ್ಲ. ಅವರು ತಿರುಗಿ ಮಣ್ಣಿನ ಕೊಳದ ಕಡೆ ಕೈ ತೋರಿಸಿದರು. "ಅದನ್ನ ಖಾಲಿ ಮಾಡಿಸ್ಬಿಡು. ನನ್ನ ಕೈಲಿ ಆರಿಸೋಕಾಗಲ್ಲ. ಇನ್ಯಾರೂ ಆರಿಸೋದು ಬೇಡ" ಎಂದು ಒಳಗೆ ಹೋಗಿ ಮಲಗಿಬಿಟ್ಟರು.

ಆಪರೇಷನ್ನಿಗೆ ಜೂನ್ ಇಪ್ಪತ್ತೈದು ಕೊಟ್ಟಿದ್ದಾರೆ, ಅದಕ್ಕಿಂತ ಮೊದಲು ಇಲ್ಲವಂತೆ. ಮರಿಗಳಿಗೆ ನಲವತ್ತು ದಿನ ತುಂಬುವುದು ಮೇ ಇಪ್ಪತ್ತೊಂಬತ್ತಕ್ಕೆ. ಆಯ್ಕೆ ತಡವಾದರೆ ದೊಡ್ಡವು ಚಿಕ್ಕವನ್ನು ನುಂಗಲು ಶುರುಮಾಡುತ್ತವೆ, ಬಿಳಿಯೋ ಹಳದಿಯೋ ಅವಕ್ಕೇನು.

ಫೆಬ್ರವರಿಯಲ್ಲಿ ಬಾ ಎನ್ನುತ್ತಿಲ್ಲ ಎಂದಿದ್ದೆ. ಈಗ ಎನ್ನುತ್ತಿದ್ದೇನೆ. ಬಾ.

ಅತ್ತಿಗೆ

ಮೇ ೮

ಅತ್ತಿಗೆ,

ರಜೆ ಇಲ್ಲ, ಇದು ನಿಜ. ರಜೆ ಇದ್ದರೂ ಬರುತ್ತಿರಲಿಲ್ಲ, ಇದೂ ನಿಜ.

ಬಾ ಎಂದು ಕರೆದದ್ದು ನೀವು. ಅವನು ಕರೆದಿದ್ದಾನೆಯೇ? ಕಣ್ಣು ಹೋದದ್ದು ಈಚೆಗೆ ಗೊತ್ತಾಯಿತು ಸರಿ, ಆದರೆ ನಿಯಮ ಅವತ್ತೂ ಗೊತ್ತಿತ್ತಲ್ಲ. ಗಿಡ್ಡ ಸ್ಟೂಲಿನವಳು ತೆಗೆದ ಮೀನನ್ನು ಮುಟ್ಟಬಾರದೆಂದು ತಿಳಿಯಲು ಕಣ್ಣು ಬೇಕಾಗಿಲ್ಲ. ಇನ್ಯಾರೂ ಆರಿಸೋದು ಬೇಡ ಎಂದನಂತೆ. ಆ ಇನ್ಯಾರೂ ಎನ್ನುವವಳು ನಾನೇ ತಾನೇ? ಹಾಗೇ ಆಗಲಿ.

ನನಗೂ ಸುಸ್ತಾಗಿದೆ, ಅತ್ತಿಗೆ. ಬೆಳಗಿಂದ ಸಂಜೆಯವರೆಗೆ ಸರಿಯಿಲ್ಲ, ಸರಿಯಿಲ್ಲ ಎಂದು ಹೇಳುವ ಕೆಲಸದವಳನ್ನು ಯಾರೂ ಪ್ರೀತಿಸುವುದಿಲ್ಲ. ಅಣ್ಣ ಎಂಥವನಾದ ಎಂದು ಇಲ್ಲಿ ಕೂತ ಮೇಲೆ ಸ್ವಲ್ಪ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಹೋಗುವುದಿಲ್ಲ.

ಗುಬ್ಬಿ

ಮೇ ೧೯

ಗುಬ್ಬಿಗೆ,

ಇನ್ನು ಕರೆಯುವುದಿಲ್ಲ. ಇದು ಬೇರೆ ಕಾಗದ.

ಕೊಳ ಖಾಲಿ ಮಾಡಿಸುವುದಿಲ್ಲ ಎಂದು ನಿಮ್ಮಣ್ಣನಿಗೆ ಹೇಳಿಬಿಟ್ಟೆ. ಇಪ್ಪತ್ತೊಂಬತ್ತಕ್ಕೆ ಎತ್ತರದ ಸ್ಟೂಲಿನ ಮೇಲೆ ನಾನೇ ಕೂರುತ್ತೇನೆ. ನಗಬೇಡ. ನನಗೆ ಬರುವುದಿಲ್ಲ, ತಳಿ ನನ್ನ ಕೈಯಲ್ಲೇ ಮುಗಿಯುತ್ತದೆ. ಮುಗಿಯಲಿ. ಆಯ್ಕೆ ಬಲ್ಲವರಿಬ್ಬರು ಮುಖ ತಿರುಗಿಸಿ ಕೂತರೆ ಕಣ್ಣಿಲ್ಲದವಳು ತಾನೇ ಮಾಡಬೇಕು. ಮದುವೆಯಾಗಿ ಬಂದ ಲಾಗಾಯ್ತು ನಿಮ್ಮಿಬ್ಬರ ಮಧ್ಯೆ ನಿಂತು ನನ್ನ ಕಾಲು ನೋಯುತ್ತಿದೆ. ಆ ನೆಪದಲ್ಲಾದರೂ ಕೂರುತ್ತೇನೆ.

ಇನ್ನೊಂದು ವಿಷಯ, ಯಾರಿಗೂ ಹೇಳಿಲ್ಲ. ಅವತ್ತು ನಿನ್ನ ಮೀನನ್ನು ಎಸೆದಾಗ ನಾನು ಬಾಯಿ ಬಿಡಲಿಲ್ಲ. ಸಂಜೆ ಬೇಡದ ಟಬ್ಬನ್ನು ಕೆಳಗಿನ ಕೊಳಕ್ಕೆ ಹೊತ್ತುಕೊಂಡು ಹೋಗುವಾಗ ಅದರಲ್ಲಿ ನಿನ್ನ ಮೀನನ್ನು ಹುಡುಕಿದೆ. ಸಾವಿರಾರು ಇದ್ದವು, ಎಲ್ಲ ಒಂದೇ ಥರ ಕಂಡವು, ಸಿಗಲಿಲ್ಲ. ಕೈಗೆ ಬಂದ ಒಂದನ್ನು ಹಿಡಿದು ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಹಳೆಯ ತೊಟ್ಟಿಗೆ ಬಿಟ್ಟೆ. ಮಾರನೇ ದಿನವೂ ಬಿಟ್ಟೆ. ಆಮೇಲೆ ಪ್ರತಿ ವರ್ಷ, ಆಯ್ಕೆ ನಡೆಯುವಷ್ಟು ದಿನವೂ, ದಿನಕ್ಕೊಂದು. ನೀನಿಲ್ಲವಲ್ಲ, ನಿನ್ನ ಲೆಕ್ಕದ್ದು ನಿಲ್ಲಬಾರದು ಅನ್ನಿಸಿತು. ಈಗ ಅರವತ್ತರ ಮೇಲಿವೆ. ಒಂದಕ್ಕೆ ಬಾಯಿ ಸೊಟ್ಟ, ಒಂದಕ್ಕೆ ಒಂದೇ ಕಣ್ಣು. ಬಟ್ಟೆಗಳನ್ನು ಬಚ್ಚಲಲ್ಲಿ ಒಗೆಯುತ್ತೇನೆ, ನಿಮ್ಮಣ್ಣ ಆ ಕಡೆ ಬರುವುದಿಲ್ಲ.

ಇಷ್ಟೇ. ಉತ್ತರ ಬರೆಯಬೇಕೆಂದಿಲ್ಲ.

ಅತ್ತಿಗೆ

ಜೂನ್ ೧೨

ಅತ್ತಿಗೆ,

ವಾಪಸ್ ಬರುವಾಗ ಬಸ್ಸು ಎರಡು ಗಂಟೆ ತಡವಾಯಿತು. ನೀವು ಕಟ್ಟಿಕೊಟ್ಟದ್ದು ದಾರಿಯಲ್ಲೇ ಖಾಲಿಯಾಯಿತು. ಕೋಣೆಗೆ ಬಂದು ಮಲಗಿದವಳು ಹದಿನಾಲ್ಕು ಗಂಟೆ ನಿದ್ದೆ ಮಾಡಿದೆ. ಕಾರ್ಖಾನೆಯಲ್ಲಿ ಮೊದಲ ದಿನ ನನ್ನ ಕೈ ಇನ್ನೂ ಪಾಚಿಯ ವಾಸನೆ ಹೊಡೆಯುತ್ತಿತ್ತು. ಪಕ್ಕದ ಮೇಜಿನವಳು ಕುರ್ಚಿ ದೂರ ಎಳೆದುಕೊಂಡಳು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿಂದ ಬರೆಯುತ್ತೇನೆ. ಇಪ್ಪತ್ತೊಂಬತ್ತರ ಬೆಳಿಗ್ಗೆ ನಾನು ಗೇಟು ತಳ್ಳಿ ಒಳಗೆ ಬಂದಾಗ ನೀವು ಎತ್ತರದ ಸ್ಟೂಲಿನ ಮೇಲೆ ಬಲೆ ಹಿಡಿದು ಬೆವೆತು ಕೂತಿದ್ದಿರಿ. ಅಣ್ಣ ನಿಮ್ಮ ಪಕ್ಕದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದ. ಅದಕ್ಕೆ ನಾನು ಸಿದ್ಧಳಾಗಿರಲಿಲ್ಲ. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಹಾಳಾಯಿತು. ನೀವು ಬಲೆಯನ್ನು ಅವನ ಕೈಗೆ ಕೊಟ್ಟು ಎದ್ದಿರಿ, ನಾನು ಕೂತೆ. "ಬಲೆ ಕೊಡು" ಎಂದೆ, ಕೊಟ್ಟ. ಆರು ದಿನದಲ್ಲಿ ನಾವಿಬ್ಬರು ಆಡಿದ್ದು ಹೆಚ್ಚುಕಡಿಮೆ ಅಷ್ಟೇ.

ಲೆಕ್ಕ ನಿಮಗೆ ಗೊತ್ತಿದೆ, ಆದರೂ ಬರೆದಿಡುತ್ತೇನೆ. ಸುಮಾರು ನಲವತ್ತು ಸಾವಿರ ಮರಿಗಳಲ್ಲಿ ನಿಜವಾದ ಬಿಳಿ ಇದ್ದದ್ದು ಹತ್ತೊಂಬತ್ತು. ಅಪ್ಪನ ಕಾಲದಲ್ಲಿ ಆರುನೂರು ಸಿಗುತ್ತಿದ್ದವು. ಈಗ ಸಿಕ್ಕವೆಲ್ಲ ಹರಿದ ರೆಕ್ಕೆಯದರ ಮಕ್ಕಳೇ ಇರಬೇಕು. ಹತ್ತೊಂಬತ್ತರಲ್ಲಿ ಬೆಳೆದು ದೊಡ್ಡವಾಗುವುದು ಎಷ್ಟೋ, ಹೆಣ್ಣು ಎಷ್ಟೋ. ತಳಿ ಉಳಿಯಿತು ಎಂದು ಹೇಳಲಾರೆ. ಇನ್ನೂ ಸತ್ತಿಲ್ಲ ಎನ್ನಬಹುದು.

ಅಣ್ಣ ದಿನಕ್ಕೊಂದು ತೆಗೆದ. ಸಂಜೆ ಬೇಡದ ಟಬ್ಬಿಗೆ ಕೈ ಹಾಕಿ, ನೀರೊಳಗೆ ಬೆರಳಾಡಿಸಿ, ಒಂದನ್ನು ಬೊಗಸೆಯಲ್ಲಿ ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿ ಬಕೆಟ್ಟಿಗೆ ಬಿಡುತ್ತಿದ್ದ. ಆರೂ ಹಳದಿ. ಗೊತ್ತಿದ್ದೂ ನಾನು ಯಾಕೆ ಎಂದು ಕೇಳಲಿಲ್ಲ. ಅವನು ಪ್ರತಿ ಸಲ ಒಂದು ಕ್ಷಣ ನನ್ನ ಕಡೆ ನೋಡುತ್ತಿದ್ದ, ಎಸೆಯುತ್ತಾಳೋ ಎನ್ನುವಂತೆ. ಎಸೆಯಬೇಕೆಂದು ಒಂದು ದಿನ ಬಹಳ ಆಸೆಯಾಯಿತು, ಎರಡನೇ ದಿನ. ಎಸೆಯಲಿಲ್ಲ.

ನಿಮ್ಮ ತೊಟ್ಟಿಯನ್ನೂ ನೋಡಿದೆ. ನೀವು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಿರಿ, ಹಾಗಾಗಿ ಬಾಯಿ ಬರಲಿಲ್ಲ. ಒಂದೂ ಉಪಯೋಗವಿಲ್ಲ. ಅರವತ್ತನಾಲ್ಕರಲ್ಲಿ ಒಂದೂ ಇಲ್ಲ. ನಿಮಗೆ ಸುಳ್ಳು ಹೇಳಬಾರದೆಂದು ಬರೆಯುತ್ತಿದ್ದೇನೆ. ಆದರೆ ಆ ಸೊಟ್ಟ ಬಾಯಿಯದು ನನ್ನ ಬೆರಳಿಗೆ ಬಾಯಿ ಹಾಕುತ್ತಾ ಬಂದಾಗ ನನಗೆ ಅಳು ಬಂತು. ನೀವು ಅವತ್ತು ಸುಮ್ಮನಿದ್ದಿರಿ ಎಂದು ನಾಲ್ಕು ವರ್ಷ ನಿಮ್ಮ ಮೇಲೂ ಹಗೆ ಇಟ್ಟುಕೊಂಡಿದ್ದೆ. ಅದನ್ನು ಬಿಟ್ಟಿದ್ದೇನೆ.

ಹೊರಡುವಾಗ ಅಣ್ಣ ಗೇಟಿನವರೆಗೆ ಬಂದ. ಅವತ್ತು ಆ ಮೀನನ್ನು ಯಾಕೆ ಎಸೆದೆ ಎಂದು ಕೇಳಬೇಕೆಂದಿದ್ದೆ. ಬಸ್ಸು ಬಂದುಬಿಟ್ಟಿತು. ಬರದಿದ್ದರೂ ಕೇಳುತ್ತಿರಲಿಲ್ಲವೇನೋ.

ಆಪರೇಷನ್ ಆದ ಮೇಲೆ ಒಂದು ತಿಂಗಳು ಅವನು ಬಗ್ಗದಂತೆ, ಮುಖಕ್ಕೆ ಕೊಳದ ನೀರು ಹಾರದಂತೆ ನೋಡಿಕೊಳ್ಳಿ. ಅವನು ನಿಮ್ಮ ಮಾತು ಕೇಳುವವನಲ್ಲ, ಆದರೂ ಹೇಳುತ್ತಿರಿ.

ನಿಮ್ಮ ಗುಬ್ಬಿ

ಜುಲೈ ೨೮

ಗುಬ್ಬಿ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಿನ್ನ ಅತ್ತಿಗೆಗೆ ನೀನು ಬರೆದದ್ದನ್ನೆಲ್ಲ ಅವಳು ನನ್ನ ಮುಂದಿಟ್ಟು, "ಈಗ ಕಾಣ್ಸುತ್ತಲ್ಲ, ಓದಿ" ಎಂದು ತೊಟ್ಟಿ ತೊಳೆಯಲು ಹೋದಳು. ಓದಿದೆ.

ಬಲಗಣ್ಣು ಆಗಿದೆ. ಎಡದ್ದು ಮುಂದಿನ ತಿಂಗಳ ಕೊನೆಗೆ. ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಮಂಚದ ಹೊದಿಕೆ ನೋಡಿ ಕಣ್ಣು ಚುಚ್ಚಿದಂತಾಯಿತು. ಅಷ್ಟು ಬಿಳಿ. ಮನೆಗೆ ಬಂದವನು ಪಂಪಿನ ಮನೆ ನೋಡಿದೆ. "ಇದಕ್ಕೆ ಬೆಣ್ಣೆ ಬಳ್ದೋರು ಯಾರು?" ಎಂದೆ. "ನೀವೇ" ಎಂದಳು. ಕೆಲಸದವರಿಬ್ಬರೂ ನಕ್ಕರು. ಇವರು ನಗುವುದನ್ನು ನಾನು ನೋಡಿ ಬಹಳ ದಿನವಾಗಿತ್ತು. ಗೋಡೆ ಹಾಗೇ ಇರಲಿ ಎಂದಿದ್ದೇನೆ.

ಆಮೇಲೆ ಕೊಳಗಳನ್ನೆಲ್ಲ ಸುತ್ತಿ ಬಂದೆ. ಮೂರು ವರ್ಷದ ಮೀನುಗಳನ್ನು ಒಂದೊಂದಾಗಿ ನೋಡಿದೆ. ಅದರ ಬಗ್ಗೆ ಬರೆಯುವುದಿಲ್ಲ.

ನಿನ್ನ ಹತ್ತೊಂಬತ್ತರಲ್ಲಿ ಎರಡು ಹೋದವು. ಹದಿನೇಳು ಇವೆ. ಹದಿನಾರು ಸರಿಯಾಗಿವೆ. ಒಂದರ ಬಾಲದ ಬುಡ ನನಗೆ ಒಪ್ಪಿಗೆಯಾಗಲಿಲ್ಲ. ನೀನೇ ಬಂದು ನೋಡು, ಆಮೇಲೆ ಮಾತಾಡೋಣ. ಅಜ್ಜಿ ಹೋದ ವಾರ ಹೋದಳು. ನೋವು ತಿನ್ನಲಿಲ್ಲ. ಬೆಳಿಗ್ಗೆ ಮೂಲೆಯಲ್ಲಿ ಹಾಗೇ ಇದ್ದಳು. ಅವಳನ್ನು ಕೊನೆಯ ಸಲ ಸರಿಯಾದ ಕಣ್ಣಿನಿಂದ ನೋಡಿದೆ, ಅಷ್ಟಾಯಿತು.

ನಾನು ತೆಗೆದ ಆರೂ ಹಳದಿ ಎಂದು ನೀನು ಬರೆದದ್ದು ನಿಜ. ಅವನ್ನು ನಿನ್ನ ಅತ್ತಿಗೆಯ ತೊಟ್ಟಿಗೆ ಬಿಟ್ಟಿದ್ದೇನೆ. ಆ ತೊಟ್ಟಿ ನನಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಳು. ಆಯ್ಕೆಯ ದಿನಗಳಲ್ಲಿ ಪ್ರತಿ ಸಂಜೆ ಅಡುಗೆಮನೆಯ ಹಿಂದೆ ಪುಳಕ್ ಎಂದು ಒಂದು ಸದ್ದು ಬರುತ್ತಿತ್ತು. ಒಂದೇ. ಮೊದಲ ವರ್ಷವೇ ಗೊತ್ತಾಯಿತು. ಅವಳು ಮನೆಯಲ್ಲಿ ಇಲ್ಲದಾಗ ನಾನೇ ತಿಂಡಿ ಹಾಕಿದ್ದೇನೆ. ಯಾಕೆ ಎಂದು ಅವಳನ್ನು ಯಾವತ್ತೂ ಕೇಳಲಿಲ್ಲ. ನಿನ್ನ ಹತ್ತಿರ ಮುರಿದದ್ದನ್ನು ಅವಳ ಹತ್ತಿರವಾದರೂ ಉಳಿಸಿಕೊಳ್ಳೋಣ ಎಂದಿದ್ದೆ.

ನೀನು ಗೇಟಿನ ಹತ್ತಿರ ಕೇಳದೆ ಹೋದದ್ದಕ್ಕೆ ಉತ್ತರ ಕೊಡುತ್ತೇನೆ. ಅವತ್ತು ನಿನ್ನ ಅಂಗೈಯಲ್ಲಿದ್ದ ಮೀನು ನನಗೆ ಉಳಿದವುಗಳ ಹಾಗೇ ಕಂಡಿತು. ನೀನು ಅದನ್ನು ನೋಡುತ್ತಿದ್ದ ರೀತಿ ಅಪ್ಪ ನೋಡುತ್ತಿದ್ದ ರೀತಿ. ನಿನಗೆ ಏನೋ ಕಾಣುತ್ತಿದೆ, ನನಗೆ ಕಾಣುತ್ತಿಲ್ಲ ಎಂದು ಆ ಕ್ಷಣ ತಿಳಿಯಿತು. ಹೆದರಿಕೆಯಾಯಿತು. ಅದಕ್ಕೇ ಎಸೆದೆ. ನಿನ್ನ ಕಣ್ಣು ಅಪ್ಪನ ಕಣ್ಣಲ್ಲ ಎಂದದ್ದು ಸುಳ್ಳು. ಸುಳ್ಳು ಎಂದು ಹೇಳುವಾಗಲೇ ಗೊತ್ತಿತ್ತು.

ಅಪ್ಪ ಕೊನೆಯ ವರ್ಷಗಳಲ್ಲಿ ಬೆನ್ನು ನೋವು ಎಂದು ಎತ್ತರದ ಸ್ಟೂಲನ್ನು ನನಗೆ ಕೊಟ್ಟು ಗಿಡ್ಡದರ ಮೇಲೆ ಕೂತರಲ್ಲ, ನೆನಪಿದೆಯಾ? ದಿನಕ್ಕೊಂದು ಎನ್ನುವ ನಿಯಮ ಮಾಡಿದ್ದೂ ಆಗಲೇ. ನಿನ್ನೆ ಡಾಕ್ಟರು ಕೇಳಿದರು, ನಿಮ್ಮ ತಂದೆಯವರಿಗೂ ಪೊರೆ ಇತ್ತಾ ಎಂದು. ಬೆನ್ನು ನೋವಿದ್ದವರು ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಾರಾ, ಗುಬ್ಬಿ? ಇಷ್ಟು ವರ್ಷ ನನಗೆ ಇದು ಹೊಳೆಯಲಿಲ್ಲ. ಅವರು ಬಾಯಿ ಬಿಟ್ಟು ಹೇಳಲಿಲ್ಲ, ಜಾಗ ಬದಲಾಯಿಸಿದರು. ನನ್ನ ಕೈಯಲ್ಲಿ ಅದೂ ಆಗಲಿಲ್ಲ.

ಎರಡನೇ ಆಯ್ಕೆ ಆಗಸ್ಟ್ ಹನ್ನೆರಡಕ್ಕೆ. ಹದಿನೇಳೇ ಮೀನು, ಅರ್ಧ ಗಂಟೆಯ ಕೆಲಸ. ಅದಕ್ಕೆ ಇಷ್ಟು ದೂರ ಬರಬೇಕಾ ಎಂದರೆ ಬೇಕಾಗಿಲ್ಲ. ಕಣ್ಣು ಬಂದಿದೆ, ನಾನೇ ಮಾಡಬಹುದು.

ಬಾ. ಕರೆಯುತ್ತಿರುವುದು ನಾನು. ಎತ್ತರದ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು, ಮೊಳೆ ಹೊಡೆದು ಸರಿ ಮಾಡಿಟ್ಟಿದ್ದೇನೆ. ಗಿಡ್ಡದರ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಅಣ್ಣ